ರಜೆ ಮುಗಿಯುವ ವಾರ

ಕರ್ನಾಟಕದ ಮನೆಗಳಲ್ಲಿ ಬೇಸಿಗೆ ಮುಗಿಯಿತೆಂದು ಸಾರುವುದು ಶಾಲೆಯ ಗಂಟೆ. ಏಪ್ರಿಲ್ 10ರ ಆಸುಪಾಸಿನಲ್ಲಿ ಫಲಿತಾಂಶ ಹೇಳಿ ಬೀಗ ಹಾಕುವ ಶಾಲೆಗಳು ಈಚಿನ ಕೆಲವು ವರ್ಷಗಳಿಂದ ಮೇ 29ರ ಹೊತ್ತಿಗೆ ಮತ್ತೆ ತೆರೆಯುತ್ತಿವೆ. ನಡುವೆ ಸಿಗುವುದು ಹೆಚ್ಚುಕಡಿಮೆ ಏಳು ವಾರ. ಶಾಲೆ ತೆರೆಯುವ ಆ ದಿನಗಳಲ್ಲೇ, ಮೇ 25ರ ಸುಮಾರಿಗೆ, ರೋಹಿಣಿ ಮಳೆಯ ಲೆಕ್ಕವೂ ಶುರುವಾಗುತ್ತದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಇರುವ ಸೀಮೆಯಲ್ಲಿ ಬೀಜ-ಗೊಬ್ಬರಕ್ಕೆ ಬೇಕಾದ ದುಡ್ಡೂ ಮಕ್ಕಳ ಚೀಲ-ನೋಟುಬುಕ್ಕಿಗೆ ಬೇಕಾದ ದುಡ್ಡೂ ಒಂದೇ ವಾರದಲ್ಲಿ ಒದಗಬೇಕು. ಹೀಗೆ ಕೈ ತುಂಬ ಕೆಲಸವಿರುವ ಹೊತ್ತಿನಲ್ಲೇ ಹೆತ್ತವರ ಮನಸ್ಸಿಗೆ ಒಂದು ಬಗೆಯ ಕಸಿವಿಸಿ ಬಂದು ಕೂರುತ್ತದೆ.

ಅದನ್ನು ಒಂದೇ ಪದದಲ್ಲಿ ಹೇಳಲು ಹೊರಟರೆ ಕನ್ನಡ ಕೊಂಚ ತಡವರಿಸುತ್ತದೆ. ಬಳಕೆಯಲ್ಲಿರುವುದು ಮನೆಯ ಹೆಸರಿನಲ್ಲಿ ಆಡುವ ಮಾತು: ‘ಮನೆ ಬಿಕೋ ಅಂತಿದೆ.’ ಬೇಸರವಾಗಿರುವುದು ತಾಯಿಗೆ, ದೂರು ಹೇಳುತ್ತಿರುವುದು ಮನೆ. ಬೇವು-ಬೆಲ್ಲದ ಹೋಲಿಕೆ ಇಲ್ಲಿ ಎಲ್ಲರ ನಾಲಿಗೆಗೂ ಬರುತ್ತದೆಯಾದರೂ ಅಷ್ಟಾಗಿ ಒಪ್ಪುವುದಿಲ್ಲ. ಬೇವು-ಬೆಲ್ಲವನ್ನು ತಿನ್ನುವುದು ವರ್ಷದ ಮೊದಲ ದಿನ, ಮುಂದೆ ಬರುವುದೇನೆಂದು ತಿಳಿಯದೆ. ಮೇ ಕೊನೆಯ ಈ ರುಚಿ ಏಳು ವಾರ ಉಂಡಾದ ಮೇಲೆ ಬಾಯಲ್ಲಿ ಉಳಿಯುವಂಥದು.

ಆ ಏಳು ವಾರ ಸುಖದಲ್ಲೇ ಕಳೆಯುತ್ತವೆ ಎಂದು ಬರೆದರೆ ಸುಳ್ಳಾಗುತ್ತದೆ. ರಜೆಯ ಮೊದಲ ವಾರ ಮುಗಿಯುವಷ್ಟರಲ್ಲಿ ‘ಯಾವಾಗಪ್ಪಾ ಸ್ಕೂಲು ಶುರುವಾಗೋದು’ ಎಂಬ ಮಾತು ಬೀದಿಯ ಮನೆಮನೆಯಲ್ಲೂ ಕೇಳುತ್ತದೆ. ತಿಂಡಿ ಮೂರು ಪಾಳಿಯಲ್ಲಿ ನಡೆಯುತ್ತದೆ, ಹಣ್ಣು ಬುಟ್ಟಿಗೆ ಬಿದ್ದ ಹೊತ್ತಿಗೇ ಖಾಲಿ, ರಿಮೋಟಿಗಾಗಿ ಜಗಳ, ಬಿಸಿಲಲ್ಲಿ ಆಡಿ ಮೂಗಿನಿಂದ ರಕ್ತ. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಮಕ್ಕಳನ್ನು ಯಾರ ಹತ್ತಿರ ಬಿಡುವುದೆಂಬುದೇ ಏಪ್ರಿಲ್ ತಿಂಗಳ ದೊಡ್ಡ ಸಮಸ್ಯೆ. ಬೇಸಿಗೆ ಶಿಬಿರಗಳು ಊರೂರಿನಲ್ಲಿ ಹುಟ್ಟಿಕೊಳ್ಳಲು ಮಕ್ಕಳ ಪ್ರತಿಭೆ ಎಷ್ಟು ಕಾರಣವೋ ಈ ಅಡಚಣೆಯೂ ಅಷ್ಟೇ ಕಾರಣ. ಎಲ್ಲವನ್ನೂ ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ಮೈಸೂರಿನ ರಂಗಾಯಣ ಪ್ರತಿ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳದಂಥ ಕಡೆ ಮಕ್ಕಳು ವಾರಗಟ್ಟಲೆ ಕಲಿತು ಕೊನೆಗೆ ನಾಟಕವಾಡುತ್ತಾರೆ. ಮನೆಯಲ್ಲಿ ನಾಲ್ಕು ಮಾತಿಗೆ ಬಾಯಿ ಬಿಡದ ಹುಡುಗಿ ಬಣ್ಣ ಹಚ್ಚಿಕೊಂಡು ಗಟ್ಟಿ ದನಿಯಲ್ಲಿ ಮಾತಾಡುವಾಗ ಮುಂದಿನ ಸಾಲಿನಲ್ಲಿ ಕುಳಿತ ತಾಯಿಗೆ ಹೆಮ್ಮೆಯಾಗುತ್ತದೆ. ಈ ದನಿ ಇವಳಿಗೆ ಯಾವಾಗ ಬಂತು, ತನಗೇಕೆ ಗೊತ್ತಾಗಲಿಲ್ಲ ಎಂಬ ಸಣ್ಣ ಗಾಬರಿಯೂ ಆಗುತ್ತದೆ.

ಶಿಬಿರಗಳಿಗಿಂತ ಹಳೆಯ ಏರ್ಪಾಟು ಅಜ್ಜಿಮನೆ. ಮಗು ಬೆಳೆದದ್ದು ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅಲ್ಲಿ. ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವಂದಿರ ಮಕ್ಕಳೆಲ್ಲ ಕೂಡಿ ಹತ್ತು ಹನ್ನೆರಡಾದರೆ ಸಂಜೆಯ ಊಟಕ್ಕೆ ತಟ್ಟೆ ಹಾಕುವ ಗೋಜಿಲ್ಲ. ಅಜ್ಜಿ ದೊಡ್ಡ ಪಾತ್ರೆಯಲ್ಲಿ ಅನ್ನ-ಸಾರು ಕಲಸಿ ಜಗಲಿಯಲ್ಲೋ ಮಹಡಿಯ ಮೇಲೋ ಕೂತರೆ ಸುತ್ತ ಮಕ್ಕಳು ದುಂಡಗೆ ಕೂರುತ್ತಾರೆ. ಕೈತುತ್ತು ಬಲದಿಂದ ಎಡಕ್ಕೆ ಹೋಗುತ್ತದೆ. ತುತ್ತಿನ ನಡುವೆ ಬೆರಳಲ್ಲಿ ಒಂದು ಗುಳಿ, ಗುಳಿಗೆ ಸಾರು, ಪಕ್ಕದಲ್ಲಿ ಹಪ್ಪಳದ ಚೂರು. ಎರಡು ಸುತ್ತು ಮುಗಿಯುವಷ್ಟರಲ್ಲಿ ಯಾರಿಗೆ ದೊಡ್ಡ ತುತ್ತು ಹೋಯಿತೆಂಬ ತಕರಾರು. ಯಾವುದೋ ಒಂದು ವರ್ಷ ಹದಿಮೂರರ ಹುಡುಗನೊಬ್ಬ ಈ ಸುತ್ತಿನೊಳಗೆ ಕೂರುವುದಿಲ್ಲ. ‘ನಂಗೆ ತಟ್ಟೇಲಿ ಹಾಕಿ’ ಎನ್ನುತ್ತಾನೆ, ಮಾವಂದಿರ ಸಾಲಿನ ಕೊನೆಯಲ್ಲಿ ಜಾಗ ಮಾಡಿಕೊಳ್ಳುತ್ತಾನೆ. ಅಜ್ಜಿ ನಗುತ್ತ ಬಡಿಸುತ್ತಾಳೆ. ಅವನ ತಾಯಿ ಬಾಗಿಲ ಬಳಿ ನಿಂತು ಅದನ್ನು ನೋಡಿರುತ್ತಾಳೆ, ಏನೂ ಅನ್ನುವುದಿಲ್ಲ. ಮರುದಿನ ಸುತ್ತಿನಲ್ಲಿ ಅವನ ಜಾಗಕ್ಕೆ ಮೂರು ವರ್ಷದ ಇನ್ನೊಂದು ಮಗು ಬಂದಿರುತ್ತದೆ.

ಹಪ್ಪಳದ ಕಾವಲಿನಲ್ಲೂ ಇದೇ ಕ್ರಮ. ಮಲೆನಾಡು-ಕರಾವಳಿಯ ಮನೆಗಳಲ್ಲಿ ಏಪ್ರಿಲ್-ಮೇ ಎಂದರೆ ಹಲಸಿನ ಹಪ್ಪಳ, ಸಂಡಿಗೆ, ಮಾಂಬಳ, ಮಿಡಿ ಉಪ್ಪಿನಕಾಯಿಯ ಕಾಲ. ಜೂನ್ ಮೊದಲ ವಾರ ಮಳೆ ಹಿಡಿದರೆ ಮುಂದೆ ತಿಂಗಳುಗಟ್ಟಲೆ ಬಿಸಿಲು ಕಾಣುವ ನೆಚ್ಚಿಕೆಯಿಲ್ಲ. ಅಂಗಳದಲ್ಲಿ ಚಾಪೆ ಹಾಸಿ ಒಣಗಲು ಇಟ್ಟದ್ದನ್ನು ಕಾಗೆಗಳಿಂದ ಕಾಯುವುದು ಮಕ್ಕಳ ಪಾಲಿನ ಕೆಲಸ, ಹಸಿ ಹಪ್ಪಳ ಕದ್ದು ತಿನ್ನುವುದು ಅದರ ಸಂಬಳ. ಎಂಟು ವರ್ಷಕ್ಕೆ ಕೋಲು ಹಿಡಿದ ಹುಡುಗಿ ಹದಿನಾಲ್ಕಕ್ಕೆ ಅದನ್ನು ತಮ್ಮನ ಕೈಗೆ ಕೊಟ್ಟು ಒಳಗೆ ಹಿಟ್ಟು ಲಟ್ಟಿಸುವವರ ಜೊತೆ ಸೇರುತ್ತಾಳೆ, ಇಲ್ಲವೇ ಮೂಲೆಯಲ್ಲಿ ಫೋನು ಹಿಡಿದು ಕೂರುತ್ತಾಳೆ. ಎರಡೂ ಬೆಳೆದದ್ದರ ಗುರುತೇ.

ಅಜ್ಜಿಮನೆಯಿಂದ ಹೊರಡುವ ದಿನ ಭಾವನೆಗೆ ಎರಡು ಅಂತಸ್ತು. ಮಕ್ಕಳ ತಾಯಿ ಆ ಮನೆಗೆ ಮಗಳು. ಅವಳಿಗೆ ಅರಿಶಿನ-ಕುಂಕುಮ ಕೊಟ್ಟು ಮಡಿಲಿಗೆ ಅಕ್ಕಿ ಹಾಕುವಾಗ, ಉತ್ತರ ಕರ್ನಾಟಕದಲ್ಲಾದರೆ ಉಡಿ ತುಂಬುವಾಗ, ತಾಯಿಯಿಂದ ಮಗಳೂ ಅಜ್ಜಿಯಿಂದ ಮೊಮ್ಮಕ್ಕಳೂ ಒಟ್ಟಿಗೆ ಕಳಚಿಕೊಳ್ಳುತ್ತಾರೆ. ಅಜ್ಜ ಮಡಚಿದ ನೋಟನ್ನು ಮೊಮ್ಮಗನ ಮುಷ್ಟಿಯೊಳಗೆ ತುರುಕಿ ‘ಏನಾದ್ರೂ ತಗೋ’ ಎನ್ನುತ್ತಾನೆ. ಏಳು ವರ್ಷದವನು ನೋಟು ಎಷ್ಟರದೆಂದು ಅಲ್ಲೇ ಬಿಡಿಸಿ ನೋಡುತ್ತಾನೆ. ಹದಿನೈದರವನು ‘ಬೇಡ ತಾತ’ ಎಂದು ಕೈ ಹಿಂದೆಳೆಯುತ್ತಾನೆ. ‘ಹೋಗ್ತೀನಿ’ ಎನ್ನಬಾರದು, ‘ಹೋಗಿಬರ್ತೀನಿ’ ಎನ್ನಬೇಕು ಎಂಬುದನ್ನು ಮಕ್ಕಳು ಕಲಿಯುವುದು ಇಂಥ ಹೊಸ್ತಿಲಲ್ಲೇ. ಮುಂಬೈಯಿಂದ ಕರಾವಳಿಗೆ ಬಂದ ಮನೆಗಳವರು ಸ್ವಲ್ಪ ತಡವಾಗಿ ಹೊರಡುತ್ತಾರೆ. ಮಹಾರಾಷ್ಟ್ರದ ಶಾಲೆಗಳು ತೆರೆಯುವುದು ಜೂನ್ ನಡುವಿನಲ್ಲಿ. ಹಾಗಾಗಿ ಊರಿನ ಮಕ್ಕಳಿಗೆ ಶಾಲೆ ಶುರುವಾದ ಮೇಲೂ ಮುಂಬೈ ಅತ್ತೆಯ ಮಕ್ಕಳು ಎರಡು ವಾರ ಮಳೆ ನೋಡುತ್ತ ಉಳಿಯುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಅವರ ವಿದಾಯ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಬದಲಾಯಿತು. ಹಲಸಿನ ಹಣ್ಣನ್ನು ಗೋಣಿಯಲ್ಲಿ ಕಟ್ಟಿ ಸೀಟಿನಡಿ ತಳ್ಳುವುದು ಮಾತ್ರ ಬದಲಾಗಲಿಲ್ಲ.

ವರ್ಷಕ್ಕೊಮ್ಮೆ ನೋಡುವವರಿಗೆ ಕಾಣುವುದು ದಿನಾ ನೋಡುವವರಿಗೆ ಕಾಣುವುದಿಲ್ಲ. ‘ಅಬ್ಬಾ, ಎಷ್ಟೆತ್ತರ ಆಗಿದ್ದೀಯೋ!’ ಎಂದು ದೊಡ್ಡಪ್ಪ ಉದ್ಗರಿಸಿದಾಗ ತಾಯಿಯ ಉತ್ತರ ಸಿದ್ಧವಿರುತ್ತದೆ: ‘ಎಲ್ಲಿ ಬೆಳೆದ, ಊಟಾನೇ ಸರಿಯಾಗಿ ಮಾಡಲ್ಲ.’ ಹಿಗ್ಗನ್ನು ಬಾಯಿಬಿಟ್ಟು ಹೇಳಿದರೆ ಮಗುವಿಗೆ ದೃಷ್ಟಿಯಾದೀತೆಂಬ ಅಂಜಿಕೆ ಆ ಮಾತಿನ ಹಿಂದಿದೆ. ಆ ಸಂಜೆಯೇ ಉಪ್ಪು-ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿ ಬಲವಾಗಿತ್ತೆಂದು ಅರ್ಥ. ನಂಬಿಕೆ ಹೇಗೂ ಇರಲಿ, ಮಗು ಬೆಳೆಯುತ್ತಿರುವ ಸಂತೋಷವೂ ಅದನ್ನು ಹೇಳಲು ಹೆದರಿಕೆಯೂ ಒಂದೇ ಮುಷ್ಟಿ ಉಪ್ಪಿನಲ್ಲಿ ಸೇರುವುದಂತೂ ನಿಜ.

ಬೆಳವಣಿಗೆಯನ್ನು ಅಳೆದು ಬರೆದಿಟ್ಟ ತಂದೆಯರೂ ಇದ್ದಾರೆ. ಅವರಲ್ಲಿ ಹೆಸರಾದವನು ಫ್ರಾನ್ಸಿನ ಗೆನೊ ದ ಮೊಂಬೆಯಾರ್. 1759ರಲ್ಲಿ ಹುಟ್ಟಿದ ಮಗನನ್ನು 1777ರವರೆಗೆ, ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ, ನಿಲ್ಲಿಸಿ ಅಳೆದ. ಅವನ ಗೆಳೆಯ, ನಿಸರ್ಗ ವಿಜ್ಞಾನಿ ಬುಫೋನ್ ಆ ಅಂಕಿಗಳನ್ನು ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಒಂದೇ ಮಗುವಿನ ಎತ್ತರವನ್ನು ಹುಟ್ಟಿನಿಂದ ಹರೆಯದವರೆಗೆ ಬಿಡದೆ ದಾಖಲಿಸಿದ ಅತಿ ಹಳೆಯ ಲೆಕ್ಕವೆಂದು ಇಂದಿಗೂ ಅದನ್ನು ವೈದ್ಯ ಗ್ರಂಥಗಳು ನೆನೆಯುತ್ತವೆ. ಹುಡುಗ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಹೆಚ್ಚು ಬೆಳೆಯುತ್ತಾನೆಂಬುದು ಆ ಅಂಕಿಗಳಲ್ಲಿ ಬುಫೋನನಿಗೆ ಕಂಡ ಸಂಗತಿ. ತಂಪು ದೇಶಗಳ ಮಾತು ಅದು; ವರ್ಷವಿಡೀ ಬಿಸಿಲು ಕಾಣುವ ನಾಡಿಗೆ ಹಾಗೇ ಹೊಂದಿಸುವಂತಿಲ್ಲ. ಕನ್ನಡ ನಾಡಿನ ಮನೆಗಳಲ್ಲಿ ಈ ಕೆಲಸ ಮಾಡುವುದು ಬಾಗಿಲ ಚೌಕಟ್ಟಿನ ಮೇಲಿನ ಪೆನ್ಸಿಲ್ ಗೆರೆ. ಸುಣ್ಣ-ಬಣ್ಣ ಹೊಡೆಸುವಾಗ ಆ ಅಂಗೈಯಗಲ ಜಾಗವನ್ನು ಬಿಟ್ಟು ಬಳಿಯಲು ಹೇಳುವ ಮನೆಗಳುಂಟು.

ಲೆಕ್ಕ ಹಾಕಿ ನೋಡಿದರೆ ರಜೆಯ ಬೆಳವಣಿಗೆ ದೊಡ್ಡದೇನಲ್ಲ. ಐದು ವರ್ಷ ದಾಟಿದ ಮಗು ಹರೆಯಕ್ಕೆ ಕಾಲಿಡುವವರೆಗೆ ವರ್ಷಕ್ಕೆ ಸುಮಾರು ಐದರಿಂದ ಆರು ಸೆಂಟಿಮೀಟರ್ ಎತ್ತರವಾಗುತ್ತದೆ. ಏಳು ವಾರದ ಪಾಲಿಗೆ ಬರುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. ಹರೆಯದಲ್ಲಿ ವೇಗ ಏರುತ್ತದೆ. ಹುಡುಗಿಯರಲ್ಲಿ ಹನ್ನೆರಡರ ಸುಮಾರಿಗೆ, ಹುಡುಗರಲ್ಲಿ ಅದಕ್ಕಿಂತ ಎರಡು ವರ್ಷ ತಡವಾಗಿ. ಆಗ ಹುಡುಗನೊಬ್ಬ ವರ್ಷಕ್ಕೆ ಒಂಬತ್ತು ಸೆಂಟಿಮೀಟರ್ ಬೆಳೆದರೂ ರಜೆಯ ಗಳಿಕೆ ಒಂದು ಬೆರಳಿನ ಅಗಲವನ್ನು ಮೀರುವುದಿಲ್ಲ. ಹಾಗಿದ್ದರೂ ಮೇ ಕೊನೆಗೆ ಮಗು ಒಮ್ಮೆಲೇ ಬೆಳೆದುಬಿಟ್ಟಂತೆ ಕಾಣುವುದು ಲೆಕ್ಕ ಚುಕ್ತಾ ಆಗುವ ದಿನ ಅದಾದ್ದರಿಂದ. ಫೆಬ್ರವರಿಯಲ್ಲೇ ಗಿಡ್ಡವಾಗಿದ್ದ ಪ್ಯಾಂಟನ್ನು ‘ಇನ್ನೆರಡು ತಿಂಗಳು ನಡೀಲಿ’ ಎಂದು ಮುಂದೂಡಿದ್ದು, ಏಳು ವಾರ ಅದು ಬೀರುವಿನಲ್ಲಿ ಮಲಗಿದ್ದು, ಆಮೇಲೆ ತೆಗೆದು ಕಾಲಿಗೆ ಹಿಡಿದು ನೋಡಿದಾಗ ವರ್ಷದ ಬೆಳವಣಿಗೆ ಪೂರ್ತಿ ಒಂದೇ ಸಲಕ್ಕೆ ಎದುರು ನಿಲ್ಲುತ್ತದೆ. ಹಬ್ಬದ ಬಟ್ಟೆ, ಹುಟ್ಟುಹಬ್ಬದ ಫ್ರಾಕು ಇಷ್ಟು ನಿಖರವಾಗಿ ಹೇಳುವುದಿಲ್ಲ. ಸಮವಸ್ತ್ರ ವರ್ಷ ವರ್ಷವೂ ಅದೇ ಬಣ್ಣ, ಅದೇ ಹೊಲಿಗೆ, ಬದಲಾಗಿರುವುದು ಮಗುವೊಂದೇ.

ಮೇ ಕೊನೆಯ ವಾರದಲ್ಲಿ ಟೈಲರ್ ಅಂಗಡಿಯಲ್ಲಿ ಕೇಳುವ ಮಾತುಗಳು ಹೆಚ್ಚು ಬಗೆಯವಲ್ಲ. ‘ಬೆಳೆಯೋ ಹುಡುಗಿ, ಉದ್ದ ಬಿಟ್ಟು ಹೊಲೀರಿ’, ‘ಒಳಗೆ ಮೂರು ಇಂಚು ಮಡಚಿರಲಿ.’ ಟೈಲರಿಗೆ ಹೇಳಬೇಕಾದ್ದೇ ಇಲ್ಲ, ಆದರೂ ಪ್ರತಿ ತಾಯಿಯೂ ಹೇಳುತ್ತಾಳೆ. ನೀಲಿ ಲಂಗದ ಅಂಚನ್ನು ಒಳಕ್ಕೆ ಮಡಚಿ ಕೈಹೊಲಿಗೆ ಹಾಕಿರುತ್ತಾರೆ. ವರ್ಷ ಕಳೆದ ಮೇಲೆ ಆ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ ಮಡಿಕೆ ಇಳಿಸಿದರೆ ಒಳಗಿದ್ದ ಬಟ್ಟೆ ಹೊಸದರಂತೆ ಗಾಢ ನೀಲಿ, ಮೇಲಿನದು ಬಿಸಿಲು-ಸಾಬೂನಿಗೆ ಮಾಸಿದ ನೀಲಿ. ನಡುವೆ ಹೊಲಿಗೆಯ ರಂಧ್ರಗಳ ಸಾಲು, ಇಸ್ತ್ರಿ ಎಷ್ಟು ತಿಕ್ಕಿದರೂ ಹೋಗದ ಒಂದು ಗೆರೆ. ಎರಡು ಸಲ ಇಳಿಸಿದ ಲಂಗದಲ್ಲಿ ಎರಡು ಗೆರೆ. ತಂಗಿಯ ಪಾಲಿಗೆ ಬಂದ ಲಂಗದಲ್ಲಿ ಅಕ್ಕನ ಗೆರೆಗಳೂ ಇರುತ್ತವೆ. ಹುಡುಗಿಗೆ ಆ ಗೆರೆ ಅವಮಾನ, ಗೆಳತಿಯರಿಗೆ ಕಾಣದಿರಲೆಂದು ಅವಳು ಮಡಿಕೆ ಹಿಡಿದು ಕೂರುತ್ತಾಳೆ. ಹೊಲಿಗೆ ಬಿಚ್ಚಿದ ತಾಯಿಗೆ ಅದು ಉಳಿತಾಯ. ಒಮ್ಮೊಮ್ಮೆ, ಬಿಚ್ಚಲು ಇನ್ನು ಮಡಿಕೆಯೇ ಉಳಿದಿಲ್ಲವೆಂದು ಕಂಡ ದಿನ, ಬೇರೆ ಏನೋ ಆಗುತ್ತದೆ. ಆ ದಿನ ಬಟ್ಟೆಯನ್ನು ತಕ್ಷಣ ಒರೆಸುವ ಅರಿವೆಗೆ ಹಾಕದೆ ಮತ್ತೆ ಬೀರುವಿನಲ್ಲೇ ಇಡುವವರು ಹಲವರು.

ಬೂಟಿನ ಅಂಗಡಿಯಲ್ಲಿ ಈ ಸುದ್ದಿ ಇನ್ನೂ ಮುಂಚೆ ತಿಳಿಯುತ್ತದೆ. ಹರೆಯದಲ್ಲಿ ಮೊದಲು ಉದ್ದವಾಗುವುದು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಮೈ ಇನ್ನೂ ಪುಟ್ಟದಿರುವಾಗಲೇ ಹುಡುಗನ ಬೂಟಿನ ನಂಬರು ಅಪ್ಪನದಕ್ಕೆ ಸಮನಾಗುವುದು ಹಾಗಾಗಿಯೇ. ಅಪ್ಪನ ಚಪ್ಪಲಿ ಹಾಕಿಕೊಂಡು ಮಗ ಅಂಗಡಿಗೆ ಹೋಗಿಬಂದ ಹೊತ್ತಿನಿಂದ ಮನೆಯ ಹೊಸ್ತಿಲ ಬಳಿ ಯಾವ ಜೊತೆ ಯಾರದೆಂಬ ಗೊಂದಲ ಶುರುವಾಗುತ್ತದೆ. ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ ಲೇಬಲ್ ಅಂಟಿಸುವ ರಾತ್ರಿಯೂ ಹೀಗೆಯೇ: ಒಂದನೇ ತರಗತಿಯ ಲೇಬಲ್ ಮೇಲೆ ಅಕ್ಷರ ತಾಯಿಯದು, ಐದಕ್ಕೆ ಬರುವಷ್ಟರಲ್ಲಿ ಮಗುವಿನದು, ಎಂಟಕ್ಕೆ ಬಂದಾಗ ಲೇಬಲ್ಲೇ ಇಲ್ಲ.

ಶಾಲೆ ತೆರೆಯುವ ದಿನದ ಅಳು ವಯಸ್ಸಿಗೆ ತಕ್ಕಂತೆ ಸ್ಥಾನ ಬದಲಿಸುತ್ತದೆ. ಮೊದಲ ವರ್ಷ ಗೇಟಿನ ಒಳಗೆ ಮಗು ಅಳುತ್ತದೆ, ಹೊರಗೆ ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ. ಎರಡನೆಯ ವರ್ಷ ಮಗು ತಿರುಗಿಯೂ ನೋಡದೆ ಓಡುತ್ತದೆ. ಅತ್ತದ್ದಕ್ಕಿಂತ ಇದು ಹೆಚ್ಚು ನೋಯಿಸಿತೆಂದು ಒಪ್ಪುವ ತಾಯಂದಿರಿದ್ದಾರೆ. ಆರೇಳನೆಯ ತರಗತಿಯ ಹೊತ್ತಿಗೆ ‘ಗೇಟಿನ ತನಕ ಬರಬೇಡಮ್ಮ, ಇಲ್ಲೇ ಬಿಡು’ ಎಂಬ ಕೋರಿಕೆ ಬರುತ್ತದೆ. ಸ್ಕೂಟರ್ ನಿಲ್ಲುವ ಜಾಗ ಪ್ರತಿ ಜೂನ್‌ನಲ್ಲೂ ಶಾಲೆಯಿಂದ ಕೊಂಚ ಹಿಂದೆ ಸರಿಯುತ್ತದೆ. ಅದೇ ತಾಯಿ ಮನೆಗೆ ಮರಳಿ, ಏಳು ವಾರದಲ್ಲಿ ಮೊದಲ ಬಾರಿ, ಬಿಸಿ ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯುತ್ತಾಳೆ. ಆ ನೆಮ್ಮದಿ ಸುಳ್ಳಲ್ಲ, ಅದಕ್ಕೆ ಯಾರೂ ನಾಚಬೇಕಾಗಿಯೂ ಇಲ್ಲ. ಹತ್ತು ಗಂಟೆಗೆ ಸೋಫಾದ ಸಂದಿಯಲ್ಲಿ ಗೋಲಿಯೊಂದು ಸಿಕ್ಕಿ ಮನೆ ಬಿಕೋ ಎನ್ನುವವರೆಗೆ ಅದು ಇರುತ್ತದೆ.

ಮನೆ ಬಿಟ್ಟೇ ಹೋಗುವ ಮಕ್ಕಳ ವಿಷಯ ಬೇರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲಿ ಬೆಳೆದ ನವೋದಯ ವಿದ್ಯಾಲಯಗಳಿಗಾಗಲಿ, ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗಾಗಲಿ ಮಕ್ಕಳು ಸೇರುವುದು ಆರನೆಯ ತರಗತಿಗೆ, ಹತ್ತು ಹನ್ನೊಂದರ ವಯಸ್ಸಿನಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಈಚೆಗೆ ಮೇ ತಿಂಗಳ ಮೊದಲರ್ಧದಲ್ಲೇ ಬರುತ್ತಿದ್ದು, ಪಿಯುಸಿಗೆಂದು ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯಿಂದ ಮಂಗಳೂರು, ಮೂಡುಬಿದಿರೆಗೆ ಹೊರಡುವ ಮಕ್ಕಳಿಗೆ ಅದೇ ಕೊನೆಯ ಬೇಸಿಗೆ ರಜೆ. ಓದಿಗಾಗಿ ಮನೆ ಬಿಡುವುದು ಹೊಸದೇನಲ್ಲ. ವಾರಾನ್ನದ ಕಾಲದಲ್ಲಿ ಹಳ್ಳಿಯ ಹುಡುಗ ಪೇಟೆಯಲ್ಲಿ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುತ್ತಿದ್ದ. ತಾಯಿಗೆ ಸಿಗುತ್ತಿದ್ದುದು ಯಾವಾಗಲೋ ಒಂದು ಕಾರ್ಡು. ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆ ಸಾವಿರಾರು ಮಕ್ಕಳಿಗೆ ಉಚಿತ ಊಟ-ವಸತಿ ಸಿಕ್ಕಿದ್ದರಿಂದ ಎಷ್ಟೋ ಬಡ ಮನೆಗಳ ತಂದೆತಾಯಿಗಳು ಮಗನನ್ನು ಬಿಟ್ಟು ಬರುವ ಸಂಕಟವನ್ನು ಅವನ ಹೊಟ್ಟೆ ತುಂಬುತ್ತದೆಂಬ ಸಮಾಧಾನದ ಜೊತೆಗೇ ಹೊತ್ತು ಊರಿಗೆ ಮರಳಿದ್ದಾರೆ. ಬಿಕೋ ಎನ್ನುವ ಮನೆಯ ಬಗ್ಗೆ ಕೊರಗಲು ಕೂಡ ಒಂದಿಷ್ಟು ಅನುಕೂಲ ಬೇಕು.

ಹಾಸ್ಟೆಲಿಗೆ ಹೊರಡುವ ಹಿಂದಿನ ದಿನಗಳಲ್ಲಿ ದುಃಖ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತದೆ. ಉತ್ತರ ಕರ್ನಾಟಕದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಉಂಡಿ. ಹಳೇ ಮೈಸೂರಿನಲ್ಲಿ ಚಟ್ನಿಪುಡಿ, ನಿಪ್ಪಟ್ಟು, ಚಕ್ಕುಲಿ, ರವೆಉಂಡೆ. ಒಬ್ಬರಿಗೆ ಸಾಕಾಗುವಷ್ಟು ಯಾರೂ ಕಟ್ಟುವುದಿಲ್ಲ. ಕೋಣೆಯ ಉಳಿದ ಹುಡುಗರೂ ತಿನ್ನುತ್ತಾರೆಂಬುದು ತಾಯಿಗೆ ಗೊತ್ತು; ತಿಂದವರು ತನ್ನ ಮಗನನ್ನು ಚೆನ್ನಾಗಿ ನೋಡಿಕೊಂಡಾರೆಂಬ ಎಣಿಕೆಯೂ ಆ ಡಬ್ಬಿಯೊಳಗಿದೆ. ತಟ್ಟೆ-ಲೋಟ, ಬಕೆಟ್ಟಿನ ಮೇಲೆ ಹೆಸರು ಬರೆಸುತ್ತಾರೆ. ಅಪ್ಪಂದಿರ ರೀತಿ ಬೇರೆ. ಟ್ರಂಕಿನ ಬೀಗ ಸರಿಯಿದೆಯೇ ಎಂದು ಮೂರು ಸಲ ನೋಡುವುದು, ಬಸ್ಸಿನ ಕಂಡಕ್ಟರಿಗೆ ‘ಹುಡುಗ ಒಬ್ನೇ ಇದಾನೆ, ಸ್ವಲ್ಪ ನೋಡ್ಕೊಳ್ಳಿ’ ಎನ್ನುವುದು, ಬಸ್ಸು ಹೊರಡುವ ಮುಂಚೆ ಇಳಿದುಹೋಗಿ ನೀರಿನ ಬಾಟಲಿ ತರುವುದು, ಚೀಲದಲ್ಲಿ ಅದಾಗಲೇ ಎರಡು ಬಾಟಲಿ ಇದ್ದರೂ. ಕಿಟಕಿಯ ಸರಳಿನಾಚೆ ನಿಂತು ‘ದುಡ್ಡು ಹುಷಾರು’ ಎಂದಷ್ಟೇ ಹೇಳುವ ಅಪ್ಪನಿಗೆ ಹೇಳಬೇಕಾದ್ದು ಅಷ್ಟೇ ಇರುವುದಿಲ್ಲ. ಅವನ ಅಪ್ಪನೂ ಅಷ್ಟನ್ನೇ ಹೇಳಿ ಕಳಿಸಿದ್ದ.

ಜೂನ್ ಹೊತ್ತಿಗೆ ಮನೆ ಹೊಸ ಅಳತೆಗೆ ಒಗ್ಗುತ್ತದೆ. ಅಕ್ಕಿ ಅಳೆಯುವ ಪಾವು ಒಂದು ಕಡಿಮೆ, ಹಾಲು ಅರ್ಧ ಲೀಟರ್ ಕಡಿಮೆ. ಮೊದಲ ವಾರ ಅಭ್ಯಾಸಬಲದಿಂದ ಹೆಚ್ಚಾಗಿ ಉಳಿದ ಅನ್ನ ಮರುದಿನದ ಚಿತ್ರಾನ್ನವಾಗುತ್ತದೆ. ಊರಲ್ಲೇ ಓದುವ ಮಕ್ಕಳ ಮನೆಗೆ ಮಳೆ ಒಂದಿಷ್ಟು ರಿಯಾಯಿತಿ ತರುತ್ತದೆ: ಕರಾವಳಿ-ಮಲೆನಾಡಿನಲ್ಲಿ ಮಳೆ ಜೋರಾದ ದಿನ ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಬೇಸಿಗೆ ಒಂದು ದಿನದ ಮಟ್ಟಿಗೆ ವಾಪಸು ಬಂದಂತೆ, ‘ಥೂ, ಇವತ್ತೂ ರಜೆಯಾ’ ಎಂಬ ಗೊಣಗಾಟದ ಸಮೇತ. ಹಾಸ್ಟೆಲಿಗೆ ಹೋದವರು ಬರುವುದು ದಸರೆಗೆ. ಅಕ್ಟೋಬರಿನ ಒಂದು ಬೆಳಗ್ಗೆ ಬಸ್ಸಿಳಿದು ಬಂದ ಹುಡುಗ ಬಾಗಿಲಲ್ಲಿ ಚೀಲ ಇಳಿಸುತ್ತಾನೆ. ಮೇ ತಿಂಗಳಲ್ಲಿ ಮೂರು ಇಂಚು ಒಳಮಡಿಕೆ ಬಿಟ್ಟು ಹೊಲಿಸಿದ ಪ್ಯಾಂಟು ಕಣಕಾಲಿನ ಮೇಲೆ ನಿಂತಿರುತ್ತದೆ. ತಾಯಿ ಮೊದಲು ಕೇಳುವುದು ತಿಂಡಿ ತಿಂದೆಯಾ ಎಂದು. ಸಂಜೆ, ಅವನು ನಿದ್ದೆ ಹೋದ ಮೇಲೆ, ಬ್ಲೇಡು ಹುಡುಕುತ್ತಾಳೆ.